ಒಂದು ಕೆಟ್ಟ ಕುಳಿಯ ಬೆಲೆ ಎಷ್ಟು?

ಗಾಲ್ಫ್ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಈ ಪುಟ ಮುಚ್ಚಿ ಮುಂದಕ್ಕೆ ಹೋಗುತ್ತೀರಿ ಅಂತ ನನಗೆ ಗೊತ್ತು. ಸ್ವಲ್ಪ ತಡೀರಿ. ನಾನೂ ಗಾಲ್ಫ್ ಆಡುವವನಲ್ಲ. ಆ ಕೋಲನ್ನು ಕೈಯಲ್ಲಿ ಹಿಡಿದೂ ನೋಡಿಲ್ಲ. ಆದರೆ ಲೆಕ್ಕ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕ್ರಿಕೆಟ್ ನೋಡುವಾಗ ಆಟಕ್ಕಿಂತ ಸ್ಕೋರ್ ಕಾರ್ಡನ್ನೇ ಹೆಚ್ಚು ನೋಡುವ ಜಾತಿ ನಮ್ಮದು. ಹಾಗೆ ಲೆಕ್ಕದ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಈ ಕಥೆ. ಇದರಲ್ಲಿ ಇಂಗ್ಲೆಂಡಿನ ಒಬ್ಬ ಮಿಲಿಟರಿ ಡಾಕ್ಟರು ಇದ್ದಾರೆ, ಅಮೆರಿಕಾದ ಒಬ್ಬ ಎಣ್ಣೆ ಉದ್ಯಮಿ ಇದ್ದಾರೆ, ಮೊಬೈಲ್ ಫೋನ್ ಮಾರುತ್ತಿದ್ದ ಒಬ್ಬ ಹುಡುಗ ಇದ್ದಾನೆ. ಗಾಲ್ಫ್ ಗೊತ್ತಿಲ್ಲದಿದ್ದರೂ ಓದಬಹುದು, ನಾನು ಗ್ಯಾರಂಟಿ :-)

ಮೊದಲು ಎರಡು ನಿಮಿಷದ ಪಾಠ. ಗಾಲ್ಫ್ ಮೈದಾನದಲ್ಲಿ 18 ಕುಳಿಗಳು. (ಇಂಗ್ಲಿಷಿನವರು ಹೋಲ್ ಅನ್ನುತ್ತಾರೆ. ಗೋಲಿಯಾಟ ಆಡಿ ಬೆಳೆದವನಿಗೆ ಕುಳಿ ಅನ್ನೋದೇ ಚೆನ್ನ.) ಪ್ರತಿ ಕುಳಿಗೂ ಚೆಂಡನ್ನು ಇಷ್ಟು ಹೊಡೆತದಲ್ಲಿ ಸೇರಿಸಬೇಕು ಅಂತ ಒಂದು ಅಂದಾಜು ಇರುತ್ತದೆ: ಮೂರು, ನಾಲ್ಕು ಅಥವಾ ಐದು. ಅದಕ್ಕೆ ಪಾರ್ ಅಂತ ಹೆಸರು. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಮೂರು ಕಡಿಮೆಯಾದರೆ ಆಲ್ಬಟ್ರಾಸ್. ಹಕ್ಕಿ ದೊಡ್ಡದಾದಷ್ಟೂ ಸಾಧನೆ ದೊಡ್ಡದು. ಪಾರ್‌ಗಿಂತ ಒಂದು ಹೆಚ್ಚಾದರೆ ಬೋಗಿ (ರೈಲಿನ ಬೋಗಿ ಅಲ್ಲ!), ಎರಡು ಹೆಚ್ಚಾದರೆ ಡಬಲ್ ಬೋಗಿ. ಅಷ್ಟೇ, ಪಾಠ ಮುಗಿಯಿತು.

ಈಗ ಗೆದ್ದವರು ಯಾರು ಅಂತ ಹೇಳುವುದು ಹೇಗೆ? ಸುಲಭ. ಎಲ್ಲ ಹೊಡೆತ ಕೂಡಿಸಿ, ಯಾರದು ಕಡಿಮೆಯೋ ಅವರು ಗೆದ್ದರು. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಎಂಟು ಜನ ಸೇರಿ ಮೊದಲ ಓಪನ್ ಚಾಂಪಿಯನ್‌ಶಿಪ್ ಆಡಿದಾಗಲೂ ಲೆಕ್ಕ ಇದೇ ಆಗಿತ್ತು. 12 ಕುಳಿಗಳ ಮೈದಾನದಲ್ಲಿ ಮೂರು ಸುತ್ತು ಆಡಿ 174 ಹೊಡೆತಕ್ಕೆ ವಿಲ್ಲಿ ಪಾರ್ಕ್ ಗೆದ್ದರು. ಇಂದಿಗೂ ದೊಡ್ಡ ಪಂದ್ಯಾವಳಿಗಳು ಬಹುಪಾಲು ನಡೆಯುವುದು ಇದೇ ಲೆಕ್ಕದಲ್ಲಿ, ನಾಲ್ಕು ದಿನ, 72 ಕುಳಿ.

ಕೇಳಲಿಕ್ಕೆ ಎಷ್ಟು ನ್ಯಾಯ ಅನ್ನಿಸುತ್ತದೆ ಅಲ್ಲವೇ? ಆದರೆ ಈ ಲೆಕ್ಕಕ್ಕೆ ಒಂದು ಕ್ರೂರ ಗುಣ ಇದೆ. ಅದು ಯಾವುದನ್ನೂ ಮರೆಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2020ರ ಮಾಸ್ಟರ್ಸ್ ಪಂದ್ಯಾವಳಿ ಕೊರೊನಾ ಕಾರಣದಿಂದ ನವೆಂಬರಿಗೆ ಹೋಗಿತ್ತು. ಕೊನೆಯ ದಿನ ಆಗಸ್ಟಾ ಮೈದಾನದ 12ನೇ ಕುಳಿಯಲ್ಲಿ ಟೈಗರ್ ವುಡ್ಸ್ ಮತ್ತೆ ಮತ್ತೆ ಚೆಂಡನ್ನು ನೀರಿಗೆ ಹಾಕಿದರು. ಮೂರು ಹೊಡೆತಕ್ಕೆ ಮುಗಿಯಬೇಕಾದ ಕುಳಿಗೆ ಹತ್ತು ಹೊಡೆತ! ವೃತ್ತಿಜೀವನದಲ್ಲೇ ಅವರ ಅತಿ ಕೆಟ್ಟ ಕುಳಿ ಅದು. ಆಮೇಲೆ ಉಳಿದ ಆರು ಕುಳಿಗಳಲ್ಲಿ ಐದು ಬರ್ಡಿ ಹೊಡೆದರು. ಯಾವ ಮನುಷ್ಯ ಹತ್ತು ಹೊಡೆತದ ಅವಮಾನ ನುಂಗಿಕೊಂಡು ಮುಂದಿನ ಆರರಲ್ಲಿ ಐದು ಬರ್ಡಿ ಮಾಡುತ್ತಾನೆ? ಆದರೂ ದಿನದ ಕೊನೆಗೆ ಕಾರ್ಡಿನಲ್ಲಿ ಬಂದಿದ್ದು 76, ಅಂದರೆ ಪಾರ್‌ಗಿಂತ ನಾಲ್ಕು ಹೆಚ್ಚು. ಆ ಐದು ಬರ್ಡಿಗಳು ಒಂದು ಕುಳಿಯ ಸಾಲ ತೀರಿಸುವುದರಲ್ಲೇ ಕರಗಿಹೋದವು.

ಟೈಗರ್ ವುಡ್ಸ್ ಕಥೆಯೇ ಹೀಗಾದರೆ ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಆಡಲು ಬರುವ ಸಾಮಾನ್ಯರ ಕಥೆ ಏನಾಗಬೇಕು? ಎರಡನೇ ಕುಳಿಯಲ್ಲೇ ಒಂಬತ್ತು ಹೊಡೆತ ಆಗಿಹೋದರೆ ಮಿಕ್ಕ ಹದಿನಾರು ಕುಳಿ ಯಾಕೆ ಆಡಬೇಕು? ಕಾರ್ಡ್ ಹರಿದು ಬಿಸಾಕಿ ಮನೆಗೆ ಹೋಗುವುದೇ ವಾಸಿ.

ಈ ಹರಿದ ಕಾರ್ಡುಗಳನ್ನು ನೋಡಿ ಒಬ್ಬರಿಗೆ ಬೇಜಾರಾಯಿತು. ಅವರೇ ನಮ್ಮ ಕಥೆಯ ಡಾಕ್ಟರು.

*

ಫ್ರಾಂಕ್ ಬಾರ್ನಿ ಗಾರ್ಟನ್ ಸ್ಟೇಬಲ್‌ಫರ್ಡ್. ಹುಟ್ಟಿದ್ದು 1870ರಲ್ಲಿ. ಬ್ರಿಟಿಷ್ ಸೇನೆಯ ವೈದ್ಯಕೀಯ ದಳದಲ್ಲಿ ಸರ್ಜನ್. ಬೋಯರ್ ಯುದ್ಧದಲ್ಲಿ ಕೆಲಸ ಮಾಡಿದವರು. ಸ್ವತಃ ಒಳ್ಳೆಯ ಗಾಲ್ಫ್ ಆಟಗಾರ. ಲಿವರ್‌ಪೂಲ್ ಊರಿನಿಂದ ನದಿ ದಾಟಿದರೆ ಸಮುದ್ರದ ದಂಡೆಯಲ್ಲಿ ವಾಲಸಿ ಅಂತ ಒಂದು ಊರು. ಅಲ್ಲಿನ ಗಾಲ್ಫ್ ಕ್ಲಬ್ಬಿನಲ್ಲಿ ಅವರು ಆಡುತ್ತಿದ್ದರು. ಮರಳುದಿಬ್ಬಗಳ ಮೇಲಿನ ಮೈದಾನ, ಯಾವಾಗಲೂ ಬೀಸುವ ಕಡಲಗಾಳಿ. ಎದುರುಗಾಳಿ ಇದ್ದ ದಿನ ಎಂಥ ಆಟಗಾರನಿಗೂ ಚೆಂಡು ಹೇಳಿದ ಮಾತು ಕೇಳುತ್ತಿರಲಿಲ್ಲ.

1931ರ ಕೊನೆಯ ಭಾಗದಲ್ಲಿ ಒಂದು ದಿನ ಅಲ್ಲಿನ ಎರಡನೇ ಕುಳಿಯ ಹತ್ತಿರ ಅಭ್ಯಾಸ ಮಾಡುತ್ತಿದ್ದಾಗ ಅವರಿಗೆ ಈ ಯೋಚನೆ ಬಂತಂತೆ: ಎಷ್ಟೋ ಜನ ನಾಲ್ಕು ಕುಳಿ ಆಡಿ ಕಾರ್ಡ್ ಹರಿದು ಹೋಗುತ್ತಾರಲ್ಲ, ಅವರಿಗೂ ಆಟದ ಸುಖ ಉಳಿಯುವ ಹಾಗೆ ಏನಾದರೂ ಮಾಡಬಹುದೇ?

ಅವರಿಗೆ ಇದು ಹೊಸ ಹುಳುವೇನಲ್ಲ. 1898ರಲ್ಲೇ ವೇಲ್ಸ್‌ನ ಗ್ಲಾಮರ್ಗನ್‌ಶೈರ್ ಕ್ಲಬ್ಬಿನಲ್ಲಿ ಇಂಥದೊಂದು ಪ್ರಯೋಗ ಮಾಡಿ ನೋಡಿದ್ದರು. ಅದು ಅಲ್ಲಿಗೇ ನಿಂತಿತ್ತು. ಮೂವತ್ತಮೂರು ವರ್ಷ ತಲೆಯಲ್ಲಿ ಒಂದು ಹುಳ ಇಟ್ಟುಕೊಂಡು ಓಡಾಡುವುದು ಅಂದರೆ ಇದೇ! 1932ರ ಮೇ 16ರಂದು ವಾಲಸಿ ಕ್ಲಬ್ಬಿನಲ್ಲಿ ಅವರ ಹೊಸ ಲೆಕ್ಕದ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. ಡಾಕ್ಟರಿಗೆ ಆಗ ಅರವತ್ತು ದಾಟಿತ್ತು.

ಲೆಕ್ಕ ಹೀಗಿದೆ. ಹೊಡೆತ ಕೂಡಿಸಬೇಡಿ. ಪ್ರತಿ ಕುಳಿಗೂ ಅಂಕ ಕೊಡಿ. ಈಗ ಬಳಕೆಯಲ್ಲಿರುವ ರೂಪದಲ್ಲಿ ಬೋಗಿಗೆ 1, ಪಾರ್‌ಗೆ 2, ಬರ್ಡಿಗೆ 3, ಈಗಲ್‌ಗೆ 4. ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದು ಏನೇ ಆದರೂ ಸೊನ್ನೆ. ಯಾರ ಅಂಕ ಹೆಚ್ಚೋ ಅವರು ಗೆದ್ದರು. (ಸಾಮಾನ್ಯ ಆಟಗಾರರಿಗೆ ಹ್ಯಾಂಡಿಕ್ಯಾಪ್ ಅಂತ ಒಂದಷ್ಟು ಹೊಡೆತ ವಿನಾಯಿತಿ ಇರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.)

ಈ ಪಟ್ಟಿಯ ಜೀವ ಇರುವುದು ಆ ಸೊನ್ನೆಯಲ್ಲಿ. ಆರು ಹೊಡೆತ ಆದರೂ ಸೊನ್ನೆ, ಹದಿನಾರು ಆದರೂ ಸೊನ್ನೆ. ಆಗದು ಅನ್ನಿಸಿದರೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಕುಳಿಗೆ ನಡೆಯಬಹುದು. ಹಿಂದೆ ನಿಂತು ಕಾಯುವವರಿಗೂ ಉಪಕಾರ. ಒಂದು ಕೆಟ್ಟ ಕುಳಿಯಿಂದ ಆಗುವ ನಷ್ಟಕ್ಕೆ ಒಂದು ತಳ ಸಿಕ್ಕಿತು. ಅದರ ಕೆಳಗೆ ಬೀಳಲು ಸಾಧ್ಯವೇ ಇಲ್ಲ.

ಡಾಕ್ಟರ್ ಬುದ್ಧಿ ನೋಡಿ! ಗಾಯ ಆಗುವುದನ್ನು ತಪ್ಪಿಸಲಿಕ್ಕೆ ಆಗುವುದಿಲ್ಲ, ರಕ್ತ ಸೋರುವುದನ್ನು ನಿಲ್ಲಿಸಬಹುದು. ಕಟ್ಟು ಕಟ್ಟಿ ಎದ್ದು ನಡಿ ಅನ್ನುತ್ತಾರೆ. ಸ್ಟೇಬಲ್‌ಫರ್ಡ್ 1959ರಲ್ಲಿ ತೀರಿಕೊಂಡರು. ಅವರ ಲೆಕ್ಕ ಇಂದು ಗಾಲ್ಫಿನ ಅಧಿಕೃತ ನಿಯಮ ಪುಸ್ತಕದಲ್ಲೇ ಇದೆ. ಪ್ರಪಂಚದ ಎಲ್ಲ ಕಡೆಯ ಕ್ಲಬ್ಬುಗಳಲ್ಲಿ, ನಮ್ಮ ಬೆಂಗಳೂರಿನ ಕ್ಲಬ್ಬುಗಳಲ್ಲೂ, ವಾರಾಂತ್ಯಕ್ಕೆ ಆಡುವವರು ಈ ಲೆಕ್ಕದಲ್ಲಿ ಆಡುತ್ತಾರೆ.

ಆದರೆ ವೃತ್ತಿಪರರು? ಅವರಿಗೆ ಈ ಕಟ್ಟುಗಿಟ್ಟು ಯಾಕೆ? ಅವರ ಮೂಗು ಯಾವಾಗಲೂ ಸ್ವಲ್ಪ ಮೇಲೇ ಇತ್ತು. 1986ರವರೆಗೆ.

*

ಈಗ ಸಮುದ್ರ ದಾಟಿ ಅಮೆರಿಕಾದ ಕೊಲೊರಾಡೊ ರಾಜ್ಯಕ್ಕೆ ಬನ್ನಿ. ಡೆನ್ವರ್ ನಗರದ ದಕ್ಷಿಣಕ್ಕೆ ಕ್ಯಾಸಲ್ ರಾಕ್ ಅನ್ನುವ ಊರು. ಅಲ್ಲಿ ಜ್ಯಾಕ್ ವಿಕರ್ಸ್ ಅನ್ನುವ ಎಣ್ಣೆ ಉದ್ಯಮಿ ಕ್ಯಾಸಲ್ ಪೈನ್ಸ್ ಅಂತ ಒಂದು ಗಾಲ್ಫ್ ಕ್ಲಬ್ ಕಟ್ಟಿಸಿದರು. ಮೈದಾನ ವಿನ್ಯಾಸ ಮಾಡಿದ್ದು ಸಾಕ್ಷಾತ್ ಜ್ಯಾಕ್ ನಿಕ್ಲಾಸ್. ಎತ್ತರ 6,000 ಅಡಿಗಿಂತ ಹೆಚ್ಚು. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಲ್ಫ್ ಆಡಿದ ಹಾಗೆ ಅಂದುಕೊಳ್ಳಿ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಹೊಡೆದ ಚೆಂಡು ಕೆಳಗಿನ ಊರುಗಳಿಗಿಂತ ದೂರ ಹಾರುತ್ತದೆ. ಹಾಗಾಗಿ ಮೈದಾನವನ್ನೂ ಉದ್ದಕ್ಕೆ ಕಟ್ಟಿದ್ದರು. ಮೊದಲನೇ ಕುಳಿಯೇ 640 ಗಜ ದಾಟಿತ್ತು, ಇಳಿಜಾರಿನಲ್ಲಿ.

ವಿಕರ್ಸ್‌ಗೆ ಅಲ್ಲೊಂದು ಪಂದ್ಯಾವಳಿ ಬೇಕಿತ್ತು. ಆದರೆ ವರ್ಷಪೂರ್ತಿ ಪ್ರತಿ ವಾರ ಒಂದೊಂದು ಊರಿನಲ್ಲಿ ಒಂದೇ ರೀತಿ ನಡೆಯುವ ಪಂದ್ಯಾವಳಿಗಳ ಸಾಲಿಗೆ ಇನ್ನೊಂದು ಬೇಡ. 1986ರಲ್ಲಿ 'ದಿ ಇಂಟರ್‌ನ್ಯಾಷನಲ್' ಶುರುವಾದಾಗ ಅದರ ಲೆಕ್ಕ ಬೇರೆಯೇ ಆಗಿತ್ತು. ಹೆಸರು ಸ್ಟೇಬಲ್‌ಫರ್ಡ್ ಅಂತಲೇ, ಮುಂದೆ ಒಂದು 'ಮಾರ್ಪಡಿಸಿದ' ಅನ್ನುವ ವಿಶೇಷಣ. ಮಾರ್ಪಾಡು ಎಷ್ಟು ಅಂತ ನೀವೇ ನೋಡಿ. ಪಂದ್ಯಾವಳಿ ಪ್ರಸಿದ್ಧವಾಗಿದ್ದು ಈ ಪಟ್ಟಿಯಿಂದ:

ಆಲ್ಬಟ್ರಾಸ್ : 8
ಈಗಲ್ : 5
ಬರ್ಡಿ : 2
ಪಾರ್ : 0
ಬೋಗಿ : ಮೈನಸ್ 1
ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದು : ಮೈನಸ್ 3

ಮೊದಲ ವರ್ಷಗಳಲ್ಲಿ ಇನ್ನೊಂದು ವಿಚಿತ್ರ ಇತ್ತು. ಕೊನೆಯ ದಿನದವರೆಗೆ ಉಳಿದುಕೊಂಡವರೆಲ್ಲ ಆ ದಿನ ಸೊನ್ನೆಯಿಂದ ಶುರು ಮಾಡಬೇಕು. ಹಿಂದಿನ ದಿನಗಳ ಸಂಪಾದನೆ ಕೊನೆಯ ದಿನಕ್ಕೆ ಬರುತ್ತಿರಲಿಲ್ಲ. 1993ರಿಂದ ನಾಲ್ಕೂ ದಿನದ ಅಂಕ ಕೂಡಿಸುವ ಪದ್ಧತಿ ಬಂತು. ಆ ವರ್ಷ ಗೆದ್ದವರು ಫಿಲ್ ಮಿಕಲ್‌ಸನ್, 45 ಅಂಕ.

ಈಗ ನನ್ನ ಇಷ್ಟದ ಭಾಗ. ಲೆಕ್ಕ!

ಒಬ್ಬ ಆಟಗಾರ 18 ಕುಳಿಗಳಲ್ಲೂ ಪಾರ್ ಮಾಡಿದ ಅಂದುಕೊಳ್ಳಿ. ಇನ್ನೊಬ್ಬ ಆರು ಬರ್ಡಿ, ಆರು ಬೋಗಿ, ಆರು ಪಾರ್. ಮಾಮೂಲಿ ಲೆಕ್ಕದಲ್ಲಿ ಇಬ್ಬರದೂ 72, ಸಮ ಸಮ. ಕೊಲೊರಾಡೊ ಲೆಕ್ಕದಲ್ಲಿ ಮೊದಲನೆಯವನಿಗೆ ಸೊನ್ನೆ. ಎರಡನೆಯವನಿಗೆ 12ರಲ್ಲಿ 6 ಕಳೆದು 6 ಅಂಕ. ತಪ್ಪೇ ಮಾಡದವನು ಸೋತ, ಆರು ತಪ್ಪು ಮಾಡಿದವನು ಗೆದ್ದ!

ಇನ್ನೂ ಒಳಗೆ ಹೋಗೋಣ. ನೀರಿನ ಆಚೆ ಕುಳಿ ಇದೆ. ಸುರಕ್ಷಿತವಾಗಿ ಸುತ್ತಿ ಹೋದರೆ ಪಾರ್ ಖಂಡಿತ. ನೇರ ಹೊಡೆದರೆ, ದಾಟಿದರೆ ಬರ್ಡಿ, ಬಿದ್ದರೆ ಬೋಗಿ. ಹೊಡೆಯಬೇಕೋ ಬೇಡವೋ? ಮಾಮೂಲಿ ಲೆಕ್ಕದಲ್ಲಿ ಗೆದ್ದರೆ ಒಂದು ಹೊಡೆತ ಲಾಭ, ಸೋತರೆ ಒಂದು ನಷ್ಟ. ಹಾಗಾಗಿ ಎರಡರಲ್ಲಿ ಒಂದು ಸಲವಾದರೂ ದಾಟುತ್ತೇನೆ ಅನ್ನುವ ನಂಬಿಕೆ ಬೇಕು. ಕೊಲೊರಾಡೊದಲ್ಲಿ ಗೆದ್ದರೆ 2, ಸೋತರೆ 1. ಮೂರರಲ್ಲಿ ಒಂದು ಸಲ ದಾಟಿದರೂ ಸಾಕು, ಅಸಲಿಗೆ ಮೋಸ ಇಲ್ಲ. ಈಗಲ್ ಅಥವಾ ಡಬಲ್ ಬೋಗಿ ಅನ್ನುವಂಥ ದೊಡ್ಡ ಜೂಜಿಗೂ ಅಷ್ಟೇ. ಮಾಮೂಲಿ ಲೆಕ್ಕದಲ್ಲಿ ಎಂಟಕ್ಕೆ ನಾಲ್ಕು ಸಲ ಗೆಲ್ಲಬೇಕು. ಇಲ್ಲಿ ಎಂಟಕ್ಕೆ ಮೂರು ಸಾಕು: ಮೂರು ಈಗಲ್‌ಗೆ 15, ಐದು ಡಬಲ್ ಬೋಗಿಗೆ ಮೈನಸ್ 15.

ಈಗ ಇದೇ ಪರೀಕ್ಷೆಯನ್ನು ಡಾಕ್ಟರ ಮೂಲ ಪಟ್ಟಿಗೆ ಹಚ್ಚಿ. ಪಾರ್‌ಗೆ 2, ಬರ್ಡಿಗೆ 3, ಬೋಗಿಗೆ 1. ಗೆದ್ದರೆ ಒಂದು, ಸೋತರೆ ಒಂದು. ಮಾಮೂಲಿ ಲೆಕ್ಕದಂತೆಯೇ ಎರಡರಲ್ಲಿ ಒಂದು ಸಲ ಗೆಲ್ಲಬೇಕು! ಅಂದರೆ ಡಾಕ್ಟರ್ ಯಾರನ್ನೂ ಜೂಜಿಗೆ ಕರೆದಿರಲಿಲ್ಲ. ಅವರ ಪಟ್ಟಿ ಮಾಮೂಲಿ ಲೆಕ್ಕದ ಹಾಗೇ ಇದೆ, ಕೆಳಗೆ ಒಂದು ತಳ ಹಾಕಿದ್ದಾರೆ ಅಷ್ಟೇ. ಬಿದ್ದವನಿಗೆ ಅದು ಸಮಾಧಾನ. ವಿಕರ್ಸ್ ಪಂದ್ಯಾವಳಿಯ ಪಟ್ಟಿ ಆ ತಳವನ್ನು ಉಳಿಸಿಕೊಂಡು ಮೇಲಿನ ಮೆಟ್ಟಿಲುಗಳನ್ನು ಒಂದೊಂದಕ್ಕೂ ದುಪ್ಪಟ್ಟು, ಮುಪ್ಪಟ್ಟು ಎತ್ತರಿಸಿತು. ಅದು ಹಾರಬಲ್ಲವನಿಗೆ ಆಮಿಷ.

ಹೆಸರು ಒಂದೇ, ಉದ್ದೇಶ ಎರಡು. ಒಂದು ಭಯ ಕಳೆಯಲಿಕ್ಕೆ, ಇನ್ನೊಂದು ಆಸೆ ಹುಟ್ಟಿಸಲಿಕ್ಕೆ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಲೂ.

ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತದೆ ಅಂದುಕೊಳ್ಳುತ್ತೇನೆ. ನಮ್ಮ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಇಡೀ ಕೋಣೆ ಕಣ್ಣು ಮುಚ್ಚಿ ಗೋಲ ತುಂಬುತ್ತದೆ. ಐಐಟಿ ಪ್ರವೇಶ ಪರೀಕ್ಷೆಯಲ್ಲಿ ತಪ್ಪಿಗೆ ಮೈನಸ್. ಅದೇ ಹುಡುಗರು, ಆದರೆ ಕೈ ತಡೆಯುತ್ತದೆ. ಹುಡುಗರ ಸ್ವಭಾವ ಬದಲಾಯಿತೇ? ಇಲ್ಲ, ಅಂಕಪಟ್ಟಿ ಬದಲಾಯಿತು. ಟೆಸ್ಟ್ ಪಂದ್ಯದಲ್ಲಿ ಹೊರಗಿನ ಚೆಂಡನ್ನು ಬಿಟ್ಟು ಬಿಟ್ಟು ದಿನ ಕಳೆಯುವ ಬ್ಯಾಟ್ಸ್‌ಮನ್ನೇ ಟ್ವೆಂಟಿ-20ಯಲ್ಲಿ ಅದೇ ಚೆಂಡಿಗೆ ಬ್ಯಾಟು ಬೀಸುತ್ತಾನೆ. ಅಲ್ಲಿ ವಿಕೆಟ್ಟಿನ ಬೆಲೆ ಬೇರೆ.

*

ಈ ಲೆಕ್ಕ ಮೈದಾನದಲ್ಲಿ ಹೇಗಿರುತ್ತದೆ ಅಂತ ನೋಡಬೇಕಾದರೆ 2002ರ ಆಗಸ್ಟ್ ತಿಂಗಳಿಗೆ ಹೋಗಬೇಕು.

ರಿಚ್ ಬೀಮ್ ಅಂತ ಒಬ್ಬ ಆಟಗಾರ. ಕೆಲವು ವರ್ಷಗಳ ಹಿಂದೆ ಗಾಲ್ಫ್ ಸಾಕು ಅಂತ ಬಿಟ್ಟು ಸಿಯಾಟಲ್‌ನಲ್ಲಿ ಮೊಬೈಲ್ ಫೋನು, ಕಾರಿನ ಸ್ಟೀರಿಯೋ ಮಾರುತ್ತಿದ್ದವನು. ಮತ್ತೆ ಆಟಕ್ಕೆ ಬಂದಿದ್ದ. ಕೊನೆಯ ದಿನ ಕ್ಯಾಸಲ್ ಪೈನ್ಸ್‌ನಲ್ಲಿ ಅವನೇ ಮುಂದೆ. ಬೆನ್ನು ಹತ್ತಿದ್ದು ಸ್ಟೀವ್ ಲೋರಿ, 1994ರಲ್ಲಿ ಇದೇ ಪಂದ್ಯಾವಳಿ ಗೆದ್ದಿದ್ದ ಹಳೆ ಹುಲಿ.

15ನೇ ಕುಳಿಯಲ್ಲಿ ಲೋರಿ ದೂರದಿಂದ ಹೊಡೆದ ಚೆಂಡು ಸೀದಾ ಕುಳಿಗೆ ಬಿತ್ತು. ಈಗಲ್, 5 ಅಂಕ. 17ನೇ ಕುಳಿಗೆ ಐದು ಹೊಡೆತದ ಪಾರ್. ಅಲ್ಲಿ ಎರಡನೇ ಹೊಡೆತವೇ ಕುಳಿಯೊಳಗೆ! ಆಲ್ಬಟ್ರಾಸ್, 8 ಅಂಕ. ಇದು ಎಷ್ಟು ಅಪರೂಪ ಅಂದರೆ, ಒಂದೇ ಹೊಡೆತಕ್ಕೆ ಕುಳಿ ಸೇರಿಸುವುದಕ್ಕಿಂತಲೂ ಅಪರೂಪ. ಎರಡು ಕುಳಿಗಳಿಂದ 13 ಅಂಕ. ಇನ್ನು 18ನೇ ಕುಳಿಯಲ್ಲಿ ಒಂದು ಬರ್ಡಿ ಆದರೆ ಲೋರಿ ಗೆದ್ದ ಹಾಗೆ. ಚೆಂಡು ಒಳಗೆ ಹೋಗಲಿಲ್ಲ. ಬೀಮ್ 44, ಲೋರಿ 43.

ಮಾಮೂಲಿ ಲೆಕ್ಕದಲ್ಲಿ ಆ ಎರಡು ಕುಳಿಗಳಿಂದ ಲೋರಿಗೆ ಸಿಗುತ್ತಿದ್ದದ್ದು ಐದು ಹೊಡೆತದ ಲಾಭ. ಅದೂ ದೊಡ್ಡದೇ. ಆದರೆ ಮಾಮೂಲಿ ಪಂದ್ಯದಲ್ಲಿ ಬಹಳ ಹಿಂದೆ ಬಿದ್ದವನು ಕೊನೆಯ ನಾಲ್ಕು ಕುಳಿಗಳಲ್ಲಿ ಗೆಲುವಿನ ಕನಸು ಕಾಣುವುದು ಕಷ್ಟ. ಇಲ್ಲಿ ಕಾಣಬಹುದಿತ್ತು.

ಎರಡು ವಾರದ ನಂತರ ಏನಾಯಿತು ಗೊತ್ತೇ? ಮಿನೆಸೋಟಾದ ಹೇಝಲ್‌ಟೈನ್‌ನಲ್ಲಿ ಪಿಜಿಎ ಚಾಂಪಿಯನ್‌ಶಿಪ್. ಗಾಲ್ಫಿನ ನಾಲ್ಕು ಅತಿ ದೊಡ್ಡ ಪಂದ್ಯಾವಳಿಗಳಲ್ಲೊಂದು, ಮಾಮೂಲಿ ಹೊಡೆತದ ಲೆಕ್ಕ. ಕೊನೆಯ ದಿನ ಬೀಮ್ ಎದುರು ಟೈಗರ್ ವುಡ್ಸ್. ಎಲ್ಲರೂ ಅಂದುಕೊಂಡಿದ್ದು ಈ ಹುಡುಗ ಹೆದರಿ ಕುಸಿಯುತ್ತಾನೆ ಅಂತ. ಅವನೋ ಎರಡು ವಾರದ ಹಿಂದೆ ಆಡಿದ ಹಾಗೇ ಆಡಿದ. 11ನೇ ಕುಳಿಯಲ್ಲಿ ಈಗಲ್ ಹೊಡೆದ. ವುಡ್ಸ್ ಕೊನೆಯ ನಾಲ್ಕೂ ಕುಳಿಗಳಲ್ಲಿ ಬರ್ಡಿ ಮಾಡಿದರು. ಆದರೂ ಬೀಮ್ ಒಂದು ಹೊಡೆತದಿಂದ ಗೆದ್ದ. ಕೊನೆಯ ಕುಳಿಯಲ್ಲಿ ಅವನು ಮಾಡಿದ್ದು ಬೋಗಿ! ಅಷ್ಟು ಉಳಿಕೆ ಇಟ್ಟುಕೊಂಡಿದ್ದ.

ಕ್ಯಾಸಲ್ ಪೈನ್ಸ್‌ನಲ್ಲಿ ಗೆದ್ದವರ ಪಟ್ಟಿ ನೋಡಿದರೆ ಖುಷಿ ಆಗುತ್ತದೆ. ಗ್ರೆಗ್ ನಾರ್ಮನ್ (1989), ಸ್ಪೇನಿನ ಹೊಸೆ ಮರಿಯಾ ಒಲಾಥಾಬಲ್ (1991), ಫಿಜಿಯ ವಿಜಯ್ ಸಿಂಗ್ (1998), ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್ (2000, 48 ಅಂಕ), ರೆಟೀಫ್ ಗೂಸನ್ (2005). ಮಿಕಲ್‌ಸನ್ ಎರಡು ಸಲ, 1993 ಮತ್ತು 1997. ಮರಗಳ ಸಂದಿಯಿಂದಲೂ ನೇರ ಕುಳಿಗೇ ಗುರಿ ಇಡುವ ಆಸಾಮಿ ಅವರು, ಈ ಪಟ್ಟಿ ಅವರಿಗಾಗಿಯೇ ಬರೆದಂತಿತ್ತು. ಆಟಗಾರರಿಗೆ ಆ ಜಾಗವೂ ಪ್ರಿಯವಾಗಿತ್ತು. ಅಲ್ಲಿನ ಮಿಲ್ಕ್‌ಶೇಕ್ ಇಡೀ ಗಾಲ್ಫ್ ಲೋಕದಲ್ಲಿ ಹೆಸರುವಾಸಿ. ಹೊಟ್ಟೆಗೆ ಹಾಕಿದ ಊರನ್ನು ಯಾರು ಮರೆಯುತ್ತಾರೆ ಹೇಳಿ?

*

ಇಷ್ಟೆಲ್ಲ ಇದ್ದೂ 'ದಿ ಇಂಟರ್‌ನ್ಯಾಷನಲ್' ಉಳಿಯಲಿಲ್ಲ.

2006ರಲ್ಲಿ ಹವಾಯಿಯ ಡೀನ್ ವಿಲ್ಸನ್ ಮತ್ತು ಟಾಮ್ ಲೇಮನ್ 34 ಅಂಕಕ್ಕೆ ಸಮ ಆಗಿ, ಪ್ಲೇಆಫ್‌ನಲ್ಲಿ ವಿಲ್ಸನ್ ಗೆದ್ದರು. ಅದೇ ಕೊನೆ. 2007ರ ಫೆಬ್ರುವರಿ 8ರಂದು ಇನ್ನು ಪಂದ್ಯಾವಳಿ ಇಲ್ಲ ಅಂತ ಘೋಷಣೆ ಆಯಿತು. ಹೆಸರು ಹಾಕಿಕೊಳ್ಳಲು ಮುಖ್ಯ ಪ್ರಾಯೋಜಕರೇ ಸಿಕ್ಕಿರಲಿಲ್ಲ.

ಯಾಕೆ ಸಿಗಲಿಲ್ಲ? ಆ ಕಾಲದಲ್ಲಿ ಒಂದು ಗಾಲ್ಫ್ ಪಂದ್ಯಾವಳಿಯ ಬೆಲೆ ನಿರ್ಧಾರ ಆಗುತ್ತಿದ್ದದ್ದು ಮುಖ್ಯವಾಗಿ ಒಂದೇ ಪ್ರಶ್ನೆಯಿಂದ: ಟೈಗರ್ ವುಡ್ಸ್ ಬರುತ್ತಾರಾ? ಅವರು ಆಡಿದರೆ ಟೀವಿ ನೋಡುವವರು ಏರುತ್ತಾರೆ, ಆಡದಿದ್ದರೆ ಇಳಿಯುತ್ತಾರೆ. ಇಲ್ಲಿಗೆ ಅವರು ಬಂದಿದ್ದು ಎರಡೇ ಸಲ, 1998 ಮತ್ತು 1999ರಲ್ಲಿ. ಆಮೇಲೆ ಬರಲಿಲ್ಲ. 2007ರ ಜುಲೈ ಮೊದಲ ವಾರದಲ್ಲಿ ಖಾಲಿಯಾದ ಆ ಜಾಗಕ್ಕೆ ವಾಷಿಂಗ್ಟನ್ ಹತ್ತಿರ ಹೊಸ ಪಂದ್ಯಾವಳಿ ಬಂತು. ಅದರ ಆತಿಥೇಯರು ಯಾರು ಅಂದುಕೊಂಡಿರಿ? ಟೈಗರ್ ವುಡ್ಸ್! ಅಲ್ಲಿ ಮಾಮೂಲಿ ಹೊಡೆತದ ಲೆಕ್ಕ.

ಇದರಲ್ಲಿ ವುಡ್ಸ್ ಅವರನ್ನು ದೂರುವಂಥದ್ದೇನಿಲ್ಲ. ಎಲ್ಲಿ ಆಡಬೇಕು ಅನ್ನುವುದು ಅವರಿಷ್ಟ. ನನಗೆ ಕಾಣುವ ವ್ಯಂಗ್ಯ ಬೇರೆ. ಅಂಕಪಟ್ಟಿ ಬದಲಿಸಿದರೆ ಆಟಗಾರರೇ ಬದಲಾಗುತ್ತಾರೆ ಅಂತ ಇಪ್ಪತ್ತೊಂದು ವರ್ಷ ತೋರಿಸಿಕೊಟ್ಟ ಪಂದ್ಯಾವಳಿಯನ್ನು ಇನ್ನೊಂದು ಅಂಕಪಟ್ಟಿ ಮುಗಿಸಿತು. ಆ ಪಟ್ಟಿಯಲ್ಲಿ ಈಗಲ್‌ಗೂ ಆಲ್ಬಟ್ರಾಸ್‌ಗೂ ಅಂಕ ಇರಲಿಲ್ಲ. ಒಂದೇ ಒಂದು ಹೆಸರಿಗೆ ಇತ್ತು.

ಲೆಕ್ಕ ಮಾತ್ರ ಸಾಯಲಿಲ್ಲ. 2012ರಲ್ಲಿ ನೆವಾಡಾದ ರೀನೋ ಊರಿನ ಪಂದ್ಯಾವಳಿ ಅದನ್ನು ಎತ್ತಿಕೊಂಡಿತು. ಮುಂದೆ ಬ್ಯಾರಕೂಡಾ ಚಾಂಪಿಯನ್‌ಶಿಪ್ ಅಂತ ಹೆಸರಾಗಿ, 2020ರಿಂದ ಕ್ಯಾಲಿಫೋರ್ನಿಯಾದ ಟ್ರಕೀ ಊರಿಗೆ ಹೋಯಿತು. ಅದೇ 8, 5, 2, 0, ಮೈನಸ್ 1, ಮೈನಸ್ 3. ದೊಡ್ಡ ಹೆಸರುಗಳೆಲ್ಲ ಬೇರೆ ಕಡೆ ದೊಡ್ಡ ಪಂದ್ಯ ಆಡುವ ವಾರದಲ್ಲೇ ಇದನ್ನು ಇಡುತ್ತಿದ್ದರು. ಹಾಗಾಗಿ ಬರುತ್ತಿದ್ದವರು ಹೆಚ್ಚಾಗಿ ಹೊಸಬರು, ಇಲ್ಲವೇ ಮತ್ತೆ ಎದ್ದು ನಿಲ್ಲಲು ನೋಡುವ ಹಳಬರು. 2019ರಲ್ಲಿ ಇಲ್ಲಿ ಮೊದಲ ಗೆಲುವು ಕಂಡ ಕಾಲಿನ್ ಮೋರಿಕಾವಾ ಮುಂದಿನ ಎರಡು ವರ್ಷಗಳಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಮತ್ತು ಓಪನ್ ಎರಡನ್ನೂ ಗೆದ್ದರು. 2023ರಲ್ಲಿ ಭಾರತ ಮೂಲದ ಎಡಗೈ ಹುಡುಗ ಅಕ್ಷಯ್ ಭಾಟಿಯಾ 40 ಅಂಕ ಮಾಡಿ ಪ್ಲೇಆಫ್‌ನಲ್ಲಿ ಗೆದ್ದ.

ಮತ್ತೆ ಕ್ಯಾಸಲ್ ಪೈನ್ಸ್? ಜ್ಯಾಕ್ ವಿಕರ್ಸ್ 2018ರಲ್ಲಿ ತೀರಿಕೊಂಡರು. 2024ರ ಆಗಸ್ಟಿನಲ್ಲಿ ಅವರ ಮೈದಾನಕ್ಕೆ ದೊಡ್ಡ ಗಾಲ್ಫ್ ವಾಪಸ್ ಬಂತು, ಬಿಎಂಡಬ್ಲ್ಯು ಚಾಂಪಿಯನ್‌ಶಿಪ್ ಹೆಸರಿನಲ್ಲಿ. ಮೈದಾನವನ್ನು 8,130 ಗಜಕ್ಕೆ ಎಳೆದಿದ್ದರು. ಕೀಗನ್ ಬ್ರಾಡ್ಲಿ ಗೆದ್ದರು. ಪೈನ್ ಮರಗಳು ಅವೇ, ತೆಳುಗಾಳಿ ಅದೇ. ಲೆಕ್ಕ ಮಾತ್ರ ಹೊಡೆತ ಕೂಡಿಸುವುದು.

*

ಇಷ್ಟು ಓದಿದವರು ಕೇಳಬಹುದು, ಇದರಲ್ಲಿ ನಿನಗೇನಪ್ಪಾ ಅಂತ. ಹೇಳುತ್ತೇನೆ.

ನಾನು ಕೆಲಸ ಮಾಡಿದ ಒಂದು ಕಡೆ ವರ್ಷದ ಕೊನೆಗೆ ಎಣಿಸುತ್ತಿದ್ದದ್ದು ಯಾರು ಎಷ್ಟು ಬಗ್ ಮುಚ್ಚಿದರು ಅಂತ. ಆರು ತಿಂಗಳಲ್ಲಿ ಬಟನ್ನಿನ ಬಣ್ಣ, ಸಾಲಿನ ಕೊನೆಯ ಚುಕ್ಕಿ ಎಲ್ಲ ಸರಿಯಾಗಿಹೋದವು. ಮೂರು ದಿನ ತಲೆ ಕೆಡಿಸಿಕೊಳ್ಳಬೇಕಾದ ನಿಜವಾದ ಬಗ್‌ಗಳು ಯಾರೂ ಮುಟ್ಟದೆ ಹಾಗೇ ಕೂತವು. ಅಲ್ಲಿದ್ದವರು ಯಾರೂ ಸೋಮಾರಿಗಳಲ್ಲ, ಕಳ್ಳರೂ ಅಲ್ಲ. 18 ಪಾರ್ ಮಾಡಿದವನಿಗೆ ಬಹುಮಾನ ಇರುವ ಮೈದಾನದಲ್ಲಿ ನೀರು ದಾಟಿಸಲು ಯಾರು ಹೋಗುತ್ತಾರೆ? ಒಬ್ಬ ಹೋದ, ದಾಟಲಿಲ್ಲ. ಆ ಒಂದು ತಪ್ಪು ಅವನ ಕಾರ್ಡಿನಲ್ಲಿ ಮುಂದಿನ ಎರಡು ವರ್ಷ ಇತ್ತು. ಅವನಿಗೆ ಬೇಕಾಗಿದ್ದದ್ದು ಡಾಕ್ಟರ ಆ ತಳ. ಇಷ್ಟೇ ನಷ್ಟ, ಚೆಂಡು ಎತ್ತಿಕೋ, ಮುಂದಿನ ಕುಳಿಗೆ ನಡಿ ಅನ್ನುವ ಒಂದು ಮಾತು.

ಆಮೇಲಿಂದ ಯಾರಾದರೂ 'ಜನರ ಮನೋಭಾವ ಬದಲಾಗಬೇಕು' ಅಂತ ಭಾಷಣ ಮಾಡಿದರೆ ನನಗೆ ಮೊದಲು ಅಂಕಪಟ್ಟಿ ನೋಡೋಣ ಅನ್ನಿಸುತ್ತದೆ. ಶಾಲೆಯಾಗಲಿ, ಆಫೀಸಾಗಲಿ, ಮನೆಯಾಗಲಿ. ಮಕ್ಕಳು ಧೈರ್ಯವಾಗಿ ಪ್ರಶ್ನೆ ಕೇಳಬೇಕು ಅನ್ನುತ್ತೇವೆ, ತಪ್ಪು ಪ್ರಶ್ನೆಗೆ ನಗುತ್ತೇವೆ. ಹೊಸದು ಮಾಡಿ ಅನ್ನುತ್ತೇವೆ, ಕೆಟ್ಟರೆ ಹತ್ತು ವರ್ಷ ಎತ್ತಿ ಆಡುತ್ತೇವೆ. ಕೊಲೊರಾಡೊದ ಪಟ್ಟಿಯಲ್ಲಿ ಬೋಗಿಗೆ ಮೈನಸ್ ಇತ್ತು ಅನ್ನುವುದನ್ನೂ ಮರೆಯಬಾರದು. ತಪ್ಪು ಅಲ್ಲಿ ಪುಕ್ಕಟೆ ಆಗಿರಲಿಲ್ಲ. ಆದರೆ ತಪ್ಪಿಗೆ ಒಂದು ಬೆಲೆ ಇತ್ತು, ಅದು ಮೊದಲೇ ಗೊತ್ತಿತ್ತು, ಅದಕ್ಕೊಂದು ತಳ ಇತ್ತು. ಅಷ್ಟು ಸಿಕ್ಕಿದರೆ ಮನುಷ್ಯ ಹೊಡೆದು ನೋಡುತ್ತಾನೆ.

ವಾಲಸಿಯ ಕಡಲಗಾಳಿಯಲ್ಲಿ ನಿಂತು ಆ ಡಾಕ್ಟರು ಯೋಚಿಸಿದ್ದು ಚಾಂಪಿಯನ್ನರ ಬಗ್ಗೆ ಅಲ್ಲ, ನಾಲ್ಕನೇ ಕುಳಿಗೇ ಕಾರ್ಡ್ ಹರಿಯುವವರ ಬಗ್ಗೆ. ನನಗೆ ಗೊತ್ತಿರುವ ಲೆಕ್ಕಗಳಲ್ಲಿ ಇಷ್ಟು ಕರುಣೆ ಇರುವ ಲೆಕ್ಕ ಇನ್ನೊಂದಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ಅದರ ಬೆನ್ನೂ ಹತ್ತೋಣ :-)